ನೆನಪು ಯಾವುದು, ಉಗ್ರಾಣ ಯಾವುದು? – ಕಂಪ್ಯೂಟರಿನ ಸ್ಮೃತಿಯ ಬಗ್ಗೆ ಒಂದಿಷ್ಟು ಮಾತು

ನೀವು ಮುಂಬೈಯ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ, ಚೆನ್ನೈಯ ರಿಚ್ಚಿ ಸ್ಟ್ರೀಟಿಗೆ ಹೋಗಿ, ದೆಹಲಿಯ ನೆಹರೂ ಪ್ಲೇಸಿಗೆ ಹೋಗಿ. ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿಬರುವ ಮಾತು ಒಂದೇ: "ಎಂಟು, ಐನೂರಹನ್ನೆರಡು. ಒಳ್ಳೇ ಮಾಲು, ತೊಗೊಳ್ಳಿ." ಮೊಬೈಲ್ ಅಂಗಡಿಯಲ್ಲಾದರೆ "ಎಂಟು, ನೂರಿಪ್ಪತ್ತೆಂಟು." ನಾವು ತಲೆಯಾಡಿಸುತ್ತೇವೆ, ದುಡ್ಡು ಕೊಡುತ್ತೇವೆ, ಮನೆಗೆ ತರುತ್ತೇವೆ. ಆ ಎಂಟು ಏನು, ಐನೂರಹನ್ನೆರಡು ಏನು ಎಂದು ಕೇಳುವುದಕ್ಕೆ ಸಂಕೋಚ. ಎರಡಕ್ಕೂ ಜನ "ಮೆಮೊರಿ" ಎಂದೇ ಕರೆಯುವುದರಿಂದ ಗೊಂದಲ ಇನ್ನೂ ಹೆಚ್ಚು. "ಮೆಮೊರಿ ಫುಲ್ ಆಯ್ತು" ಎಂದು ಫೋನ್ ಹೇಳಿದಾಗ ಯಾವ ಮೆಮೊರಿ ತುಂಬಿತು ಎಂಬುದೇ ತಿಳಿಯುವುದಿಲ್ಲ.

ಇದು ಬರೀ ಅಂಗಡಿಯ ಲೆಕ್ಕವಾಗಿದ್ದರೆ ಇವತ್ತು ನಿಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ಊರು ಬಿಟ್ಟು ಬಂದ ನಮ್ಮಂಥವರ ಮನೆಯಲ್ಲಿ ಊರಿನ ಬಹುಪಾಲು ಇರುವುದು ಈ ಯಂತ್ರಗಳಲ್ಲೇ. ಅಜ್ಜಿ ಹೇಳಿದ ಸೋಬಾನೆ ಪದ, ಅಪ್ಪ ಫೋನಿನಲ್ಲಿ ಕಳಿಸಿದ ಧ್ವನಿ ಸಂದೇಶ, ಮಾರಿಕೊಂಡ ಹಳೇ ಮನೆಯ ಫೋಟೋ, ಕನ್ನಡ ಸಂಘದ ನಾಟಕದ ವಿಡಿಯೋ, ಜಮೀನಿನ ಪಹಣಿಯ ಪ್ರತಿ. ಇವೆಲ್ಲ ಎಲ್ಲಿ ಕೂತಿವೆ, ಎಷ್ಟು ವರ್ಷ ಕೂತಿರುತ್ತವೆ, ಯಾವ ಕಾರಣಕ್ಕೆ ಎದ್ದು ಹೋಗುತ್ತವೆ? ಇದನ್ನು ತಿಳಿಯಬೇಕಾದರೆ ಕಂಪ್ಯೂಟರಿನ ನೆನಪಿನ ಬಗೆಗಳನ್ನು ತಿಳಿಯಲೇಬೇಕು. ಕಷ್ಟವೇನಿಲ್ಲ. ಅಡುಗೆ ಮನೆ ಗೊತ್ತಿದ್ದವರಿಗೆ ಇದೂ ಗೊತ್ತಾಗುತ್ತದೆ.

ಮೊದಲು ಅಳತೆ. ಅಕ್ಕಿಗೆ ಸೇರು, ಹಾಲಿಗೆ ಲೀಟರ್ ಇದ್ದಂತೆ ಮಾಹಿತಿಗೆ ಬೈಟ್. ಕಂಪ್ಯೂಟರಿಗೆ ಗೊತ್ತಿರುವುದು ಎರಡೇ: ಸೊನ್ನೆ ಮತ್ತು ಒಂದು. ಅಂಥ ಒಂದು ಗುರುತಿಗೆ ಬಿಟ್ ಎನ್ನುತ್ತಾರೆ, ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮ ಕನ್ನಡಕ್ಕೆ ಸ್ವಲ್ಪ ಹೆಚ್ಚು ಬೇಕು. ಈಗ ಅಂತರಜಾಲದಲ್ಲಿ ಎಲ್ಲ ಕಡೆ ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ, ಯುಟಿಎಫ್-8 ಎಂಬ ಬಗೆಯಲ್ಲಿ, ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್. "ಕನ್ನಡ" ಎಂಬ ಪದವನ್ನೇ ತೆಗೆದುಕೊಳ್ಳಿ. ಕ, ನ, ಒತ್ತು ಕೊಡಿಸುವ ಹಲಂತ ಚಿಹ್ನೆ, ಮತ್ತೊಂದು ನ, ಡ. ಒಟ್ಟು 5 ಸಂಕೇತ, 15 ಬೈಟ್.

ಸಾವಿರ ಬೈಟಿಗೆ ಒಂದು ಕಿಲೋಬೈಟ್, ಸಾವಿರ ಕಿಲೋಬೈಟಿಗೆ ಒಂದು ಮೆಗಾಬೈಟ್ ಅಂದರೆ ಎಂಬಿ, ಸಾವಿರ ಎಂಬಿಗೆ ಒಂದು ಗಿಗಾಬೈಟ್ ಅಂದರೆ ಜಿಬಿ, ಸಾವಿರ ಜಿಬಿಗೆ ಒಂದು ಟೆರಾಬೈಟ್ ಅಂದರೆ ಟಿಬಿ. ಹದಿನೈದು ನಿಮಿಷದ ಒಂದು ರೇಡಿಯೋ ಭಾಷಣವನ್ನು ಸಾಧಾರಣ ಗುಣಮಟ್ಟದ ಎಂಪಿ3 ಕಡತ ಮಾಡಿದರೆ ಸುಮಾರು 14 ಎಂಬಿ ಆಗುತ್ತದೆ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಸಾಮಾನ್ಯವಾಗಿ 3ರಿಂದ 5 ಎಂಬಿ.

ಇಲ್ಲೇ ಒಂದು ಸಂಶಯ ನಿವಾರಿಸಿಬಿಡೋಣ. 1 ಟಿಬಿ ಎಂದು ಬರೆದ ಡಿಸ್ಕ್ ತಂದು ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದು ಸುಮಾರು 931 ಜಿಬಿ ಎಂದು ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿದ ಎಂದು ಜಗಳಕ್ಕೆ ಹೋಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಮಾಲು ಅಷ್ಟೇ ಇದೆ, ಅಳೆಯುವ ಪಾವು ಬೇರೆ.

ಈಗ ಅಡುಗೆ ಮನೆಗೆ ಬನ್ನಿ. ಅಡುಗೆಯವರು ಒಲೆಯ ಮುಂದೆ ನಿಂತಿದ್ದಾರೆ. ಅವರೇ ಕಂಪ್ಯೂಟರಿನ ಪ್ರೊಸೆಸರ್, ಎಲ್ಲ ಕೆಲಸ ಮಾಡುವವರು. ಅವರ ಕೈಗೆ ತಾಗುವಂತೆ ಒಗ್ಗರಣೆ ಡಬ್ಬಿ ಇದೆ. ಸಾಸಿವೆ, ಜೀರಿಗೆ, ಮೆಂತ್ಯ, ಎಲ್ಲ ಒಂದೊಂದು ಹಿಡಿ. ಡಬ್ಬಿ ಚಿಕ್ಕದು, ಆದರೆ ಕಣ್ಣುಮುಚ್ಚಿ ಕೈಹಾಕಿದರೂ ಸಿಗುತ್ತದೆ. ಕಂಪ್ಯೂಟರಿನಲ್ಲಿ ಇದಕ್ಕೆ ಕ್ಯಾಶ್ ಎಂದು ಹೆಸರು. ಪ್ರೊಸೆಸರಿನ ಒಳಗೇ ಇರುತ್ತದೆ, ಕೆಲವೇ ಎಂಬಿಗಳಷ್ಟು. ಅದರ ಪಕ್ಕದಲ್ಲಿ ಅಡುಗೆ ಕಟ್ಟೆ. ಇವತ್ತಿನ ಅಡುಗೆಗೆ ಬೇಕಾದ ತರಕಾರಿ, ಬೇಳೆ, ಹೆಚ್ಚಿಟ್ಟ ಈರುಳ್ಳಿ ಎಲ್ಲ ಇಲ್ಲಿ ಹರಡಿರುತ್ತದೆ. ಇದು ರ‍್ಯಾಮ್. ಅಂಗಡಿಯವನು ಹೇಳಿದ "ಎಂಟು" ಇದೇ. ಕೊನೆಗೆ ಉಗ್ರಾಣ. ವರ್ಷಕ್ಕಾಗುವ ಅಕ್ಕಿ, ಬೆಲ್ಲ, ಉಪ್ಪಿನಕಾಯಿ ಭರಣಿ ಎಲ್ಲ ಅಲ್ಲಿ. ಇದು ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ. ಅಂಗಡಿಯವನ "ಐನೂರಹನ್ನೆರಡು" ಇದು.

ರಾತ್ರಿ ಅಡುಗೆ ಮುಗಿದ ಮೇಲೆ ಕಟ್ಟೆ ಒರೆಸಿ ಬಿಡುತ್ತೇವಲ್ಲ? ಕಂಪ್ಯೂಟರ್ ಆರಿಸಿದಾಗ ರ‍್ಯಾಮ್ ಹಾಗೆಯೇ ಖಾಲಿಯಾಗುತ್ತದೆ. ಉಗ್ರಾಣದಲ್ಲಿಟ್ಟದ್ದು ಮಾತ್ರ ಬೆಳಿಗ್ಗೆ ಇರುತ್ತದೆ. ಒಂದು ಪತ್ರ ಟೈಪ್ ಮಾಡುತ್ತಾ ಇರುವಾಗ ಕರೆಂಟ್ ಹೋದರೆ ಪತ್ರ ಮಾಯವಾಗುವುದು ಇದಕ್ಕೇ. ಅದು ಇನ್ನೂ ಕಟ್ಟೆಯ ಮೇಲಿತ್ತು. "ಸೇವ್" ಒತ್ತುವುದೆಂದರೆ ಕಟ್ಟೆಯ ಮೇಲಿನದನ್ನು ಉಗ್ರಾಣಕ್ಕೆ ಸಾಗಿಸುವುದು.

ಹಾಗಾದರೆ ಎಲ್ಲವನ್ನೂ ಉಗ್ರಾಣದಲ್ಲೇ ಇಟ್ಟು ಅಲ್ಲಿಂದಲೇ ಅಡುಗೆ ಮಾಡಬಾರದೇಕೆ? ವೇಗದ ಕಾರಣಕ್ಕೆ. ಲೆಕ್ಕ ನೋಡಿ. ಕ್ಯಾಶ್‌ನಿಂದ ಒಂದು ಮಾಹಿತಿ ತರಲು ಸುಮಾರು ಒಂದು ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ. ರ‍್ಯಾಮ್‌ನಿಂದ ತರಲು ಸುಮಾರು 100 ನ್ಯಾನೋಸೆಕೆಂಡ್. ಎಸ್‌ಎಸ್‌ಡಿಯಿಂದ ಸುಮಾರು ಒಂದು ಲಕ್ಷ ನ್ಯಾನೋಸೆಕೆಂಡ್. ತಿರುಗುವ ಹಾರ್ಡ್ ಡಿಸ್ಕಿನಿಂದ ಸುಮಾರು ಒಂದು ಕೋಟಿ ನ್ಯಾನೋಸೆಕೆಂಡ್. ಈ ಸಂಖ್ಯೆಗಳು ನಮ್ಮ ಅನುಭವಕ್ಕೆ ನಿಲುಕುವುದಿಲ್ಲ. ಆದ್ದರಿಂದ ಹೀಗೆ ಯೋಚಿಸಿ: ಒಗ್ಗರಣೆ ಡಬ್ಬಿಯಿಂದ ಸಾಸಿವೆ ತೆಗೆಯಲು ಒಂದು ಸೆಕೆಂಡ್ ಸಾಕು ಎಂದಿಟ್ಟುಕೊಳ್ಳೋಣ. ಆಗ ರ‍್ಯಾಮ್‌ನಿಂದ ಸಾಸಿವೆ ತರುವುದು ಪಕ್ಕದ ಮನೆಯವರನ್ನು ಕೇಳಿ ತಂದಂತೆ, ಒಂದೂವರೆ ನಿಮಿಷದ ಮೇಲೆ. ಎಸ್‌ಎಸ್‌ಡಿಯಿಂದ ತರುವುದು ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬೈಗೆ ತರಿಸಿದಂತೆ, ಒಂದು ದಿನದ ಮೇಲೆ. ಹಾರ್ಡ್ ಡಿಸ್ಕಿನಿಂದ ತರುವುದೆಂದರೆ ಸಾಸಿವೆ ಬಿತ್ತಿ, ಬೆಳೆದು, ಕೊಯ್ದು ತಂದಂತೆ, ಸುಮಾರು ನಾಲ್ಕು ತಿಂಗಳು! ಎಣ್ಣೆ ಕಾಯಿಸಿಕೊಂಡು ಯಾರು ಅಷ್ಟು ದಿನ ಕಾಯುತ್ತಾರೆ?

ವೇಗದ ಸ್ಮೃತಿ ದುಬಾರಿ, ಅಗ್ಗದ ಸ್ಮೃತಿ ನಿಧಾನ. ಈ ಒಂದು ಕಾರಣದಿಂದಲೇ ಕಂಪ್ಯೂಟರಿನಲ್ಲಿ ಇಷ್ಟು ಬಗೆಯ ಸ್ಮೃತಿಗಳು ಇವೆ.

ರ‍್ಯಾಮ್ ಮರೆಯುವುದೇಕೆ ಎಂದು ಕೇಳಬಹುದು. 1960ರ ದಶಕದಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬ ಎಂಜಿನಿಯರ್ ಒಂದು ಸರಳ ಉಪಾಯ ಕಂಡುಹಿಡಿದರು. ಒಂದು ಬಿಟ್ ನೆನಪಿಡಲು ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಪುಟ್ಟ ಕೆಪಾಸಿಟರ್ ಸಾಕು. ಕೆಪಾಸಿಟರಿನಲ್ಲಿ ವಿದ್ಯುತ್ತು ತುಂಬಿದ್ದರೆ ಒಂದು, ಖಾಲಿಯಿದ್ದರೆ ಸೊನ್ನೆ. 1968ರಲ್ಲಿ ಅವರಿಗೆ ಇದರ ಪೇಟೆಂಟ್ ಸಿಕ್ಕಿತು. ಇಂದಿನ ರ‍್ಯಾಮ್ ಎಲ್ಲ ಆ ದಾರಿಯಲ್ಲೇ ಬಂದದ್ದು. ಆದರೆ ಈ ಕೆಪಾಸಿಟರ್ ತೂತು ಬಿದ್ದ ಕೊಡದಂತೆ ಸೋರುತ್ತಲೇ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಒಂದು ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು ಸಲ, ಪ್ರತಿಯೊಂದನ್ನೂ ಓದಿ ಮತ್ತೆ ತುಂಬಬೇಕು. ಕರೆಂಟ್ ಹೋದರೆ ತುಂಬುವವರಿಲ್ಲ, ಕೊಡ ಖಾಲಿ.

ಅದಕ್ಕೆ ಮುಂಚಿನ ಸ್ಮೃತಿ ಹೀಗಿರಲಿಲ್ಲ. ಮುಂಬೈಯ ಕೇಳುಗರಿಗೆ ಇದು ನಿಮ್ಮ ಊರಿನ ಕಥೆ. ಅಲ್ಲಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದ ತಂಡ ದೇಶದಲ್ಲೇ ಕಂಪ್ಯೂಟರ್ ಒಂದನ್ನು ಕಟ್ಟಿತು. 1960ರಲ್ಲಿ ಅದು ಕೆಲಸ ಶುರುಮಾಡಿತು, 1962ರಲ್ಲಿ ಪ್ರಧಾನಿ ನೆಹರೂ ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟರು. ಅದರ ಸ್ಮೃತಿ ಫೆರೈಟ್ ಎಂಬ ಕಾಂತೀಯ ವಸ್ತುವಿನ ಸಣ್ಣ ಸಣ್ಣ ಉಂಗುರಗಳಿಂದ ಆದದ್ದು. ಮಣಿಸರದಂತೆ ಉಂಗುರಗಳ ಒಳಗೆ ತಂತಿ ಪೋಣಿಸಿದ ಜಾಲರಿ. ಒಂದೊಂದು ಉಂಗುರ ಒಂದೊಂದು ಬಿಟ್. ಕರೆಂಟ್ ಹೋದರೂ ಕಾಂತತ್ವ ಉಳಿಯುತ್ತಿದ್ದುದರಿಂದ ಇಂಥ ಸ್ಮೃತಿ ಮರೆಯುತ್ತಿರಲಿಲ್ಲ. ಟಿಫ್ರ್ಯಾಕ್‌ನಲ್ಲಿ 40 ಬಿಟ್‌ಗಳ 2048 ಪದಗಳಿಗೆ ಜಾಗವಿತ್ತು. ನಮ್ಮ ಲೆಕ್ಕದಲ್ಲಿ ಹತ್ತು ಕಿಲೋಬೈಟ್. ಈಗ ನೀವು ಓದುತ್ತಿರುವ ಈ ಭಾಷಣದ ಪಠ್ಯ ಅದರಲ್ಲಿ ಹಿಡಿಯುವುದಿಲ್ಲ. ಅಷ್ಟರಲ್ಲೇ ವಿಜ್ಞಾನಿಗಳು ಲೆಕ್ಕ ಹಾಕಿದರು!

ಈಗ ಮನೆಯ ಸಮಸ್ಯೆಗೆ ಬರೋಣ. "ನನ್ನ ಕಂಪ್ಯೂಟರ್ ಆಮೆಯಂತೆ ನಡೆಯುತ್ತಿದೆ, ಹೊಸದು ತೊಗೊಳ್ಳಲಾ?" ಎಂದು ಬಹಳ ಜನ ಕೇಳುತ್ತಾರೆ. ತಡೆಯಿರಿ. ಅಡುಗೆ ಕಟ್ಟೆ ಚಿಕ್ಕದಾದರೆ ಏನಾಗುತ್ತದೆ? ಹೆಚ್ಚಿಟ್ಟ ತರಕಾರಿಯನ್ನು ಉಗ್ರಾಣದಲ್ಲಿ ಇಟ್ಟು, ಬೇಕಾದಾಗ ಮತ್ತೆ ತರಬೇಕು. ರ‍್ಯಾಮ್ ಸಾಲದಾದಾಗ ಕಂಪ್ಯೂಟರ್ ಇದನ್ನೇ ಮಾಡುತ್ತದೆ. ಡಿಸ್ಕಿನ ಒಂದು ಮೂಲೆಯನ್ನು ತಾತ್ಕಾಲಿಕ ಕಟ್ಟೆ ಮಾಡಿಕೊಂಡು ಓಡಾಡುತ್ತದೆ. ಆ ಡಿಸ್ಕ್ ತಿರುಗುವ ಹಳೇ ಬಗೆಯದಾದರೆ, ಸಾಸಿವೆಯ ಕಥೆ ನೆನಪಿದೆಯಲ್ಲ? ಹತ್ತು ಪುಟ ತೆರೆದಿಟ್ಟಾಗ ಮಾತ್ರ ನಿಧಾನವಾದರೆ ರ‍್ಯಾಮ್ ಸಾಲದು ಎಂದರ್ಥ. ಕಂಪ್ಯೂಟರ್ ಶುರುವಾಗುವುದೇ ನಾಲ್ಕೈದು ನಿಮಿಷವಾದರೆ ಸಾಮಾನ್ಯವಾಗಿ ಡಿಸ್ಕಿನ ದೋಷ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಹಳೇ ಯಂತ್ರ ಇನ್ನೂ ಕೆಲವು ವರ್ಷ ಬಾಳಿಕೆ ಬರುತ್ತದೆ. ಆದರೆ ಅಂಗಡಿಗೆ ಹೋಗುವ ಮುನ್ನ ನಿಮ್ಮ ಯಂತ್ರಕ್ಕೆ ಯಾವ ಬಗೆಯ ರ‍್ಯಾಮ್ ಎಂದು ಬರೆದುಕೊಳ್ಳಿ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂದು ಬಗೆಗಳಿವೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಈಗಿನ ತೆಳ್ಳನೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಅಂಥದ್ದನ್ನು ಕೊಳ್ಳುವಾಗಲೇ ಸಾಕಷ್ಟು ಇರುವುದನ್ನು ಕೊಳ್ಳಬೇಕು.

ಇನ್ನೊಂದು ಸಣ್ಣ ಸ್ಮೃತಿ ಇದೆ, ಯಾರೂ ಅದರ ಹೆಸರೆತ್ತುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಒಲೆ ಹಚ್ಚಬೇಕು, ಹಾಲಿಡಬೇಕು ಎಂಬುದನ್ನು ಅಡುಗೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಅದು ರೂಢಿ. ಕಂಪ್ಯೂಟರಿಗೂ ಗುಂಡಿ ಒತ್ತಿದ ಕೂಡಲೇ ಏನು ಮಾಡಬೇಕೆಂಬ ರೂಢಿಯನ್ನು ಒಂದು ಚಿಪ್ಪಿನಲ್ಲಿ ಬರೆದಿಟ್ಟಿರುತ್ತಾರೆ. ಮೊದಲು ಇದು ಅಳಿಸಲಾಗದ ರಾಮ್, ಅಂದರೆ ಓದಲಷ್ಟೇ ಬರುವ ಸ್ಮೃತಿ, ಆಗಿತ್ತು. ಈಗ ಬೇಕಾದಾಗ ಬದಲಿಸಬಹುದಾದ ಫ್ಲ್ಯಾಶ್ ಚಿಪ್ಪಿನಲ್ಲಿರುತ್ತದೆ. ಇದರ ಜೊತೆಗೆ ಗಡಿಯಾರ ನಡೆಸಲು ನಾಣ್ಯದಂಥ ಒಂದು ಬ್ಯಾಟರಿ. ನಿಮ್ಮ ಹಳೇ ಕಂಪ್ಯೂಟರ್ ಹಚ್ಚಿದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಆ ಬ್ಯಾಟರಿಯನ್ನು. ಸಿಆರ್2032 ಎಂದು ಕೇಳಿದರೆ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಈಗ ಉಗ್ರಾಣಕ್ಕೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಅಜ್ಜಿಯ ಧ್ವನಿ ಇರುವುದು ಇಲ್ಲಿ.

ಮೊದಲನೆಯದು ಹಾರ್ಡ್ ಡಿಸ್ಕ್. 1956ರಲ್ಲಿ ಐಬಿಎಂ ಮೊದಲ ಡಿಸ್ಕ್ ಉಗ್ರಾಣವನ್ನು ತಂದಾಗ ಅದರಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ತೂಕ ಒಂದು ಟನ್ನಿನ ಆಸುಪಾಸು. ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ, ಅಂದರೆ ಇಂದಿನ ಒಂದು ಮೊಬೈಲ್ ಫೋಟೋದಷ್ಟು. ತತ್ವ ಇಂದಿಗೂ ಅದೇ: ಕಾಂತೀಯ ಲೇಪನವಿರುವ ತಟ್ಟೆ ಗಿರಗಿರನೆ ತಿರುಗುತ್ತದೆ, ಗ್ರಾಮಫೋನಿನ ಮುಳ್ಳಿನಂಥ ತೋಳು ಅದರ ಮೇಲೆ ಸರಿದಾಡಿ ಓದುತ್ತದೆ. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ತಾಗಬೇಕು, ಇದು ತಾಗಲೇಬಾರದು. ನಡುವಿನ ಅಂತರ ಕೂದಲೆಳೆಯ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಚಾಲೂ ಇರುವಾಗ ಕೈಜಾರಿ ಬಿದ್ದರೆ ತೋಳು ತಟ್ಟೆಯನ್ನು ಗೀಚುತ್ತದೆ. ಡಿಸ್ಕಿನಿಂದ ಟಕ್ ಟಕ್ ಎಂದು ಶಬ್ದ ಬರಲು ಶುರುವಾದರೆ ಮತ್ತೆ ಮತ್ತೆ ಹಚ್ಚಿ ನೋಡಬೇಡಿ. ಆರಿಸಿಟ್ಟು, ಮಾಹಿತಿ ಅಮೂಲ್ಯವಾದರೆ ಮರಳಿ ಪಡೆಯುವ ಪರಿಣತರ ಹತ್ತಿರ ಹೋಗಿ.

ಎರಡನೆಯದು ಫ್ಲ್ಯಾಶ್. ಪೆನ್ ಡ್ರೈವ್, ಕ್ಯಾಮೆರಾದ ಕಾರ್ಡ್, ಮೊಬೈಲಿನ ಸಂಗ್ರಹ, ಎಸ್‌ಎಸ್‌ಡಿ, ಇವೆಲ್ಲ ಒಂದೇ ಕುಲದವು. ಮೂಲಪುರುಷ ಜಪಾನಿನ ತೋಶಿಬಾ ಸಂಸ್ಥೆಯಲ್ಲಿದ್ದ ಫುಜಿಯೋ ಮಸುವೋಕಾ, 1980ರ ದಶಕದಲ್ಲಿ. ಇದರಲ್ಲಿ ತಿರುಗುವ ಭಾಗವೇ ಇಲ್ಲ. ವಿದ್ಯುತ್ ಕಣಗಳನ್ನು ಸುತ್ತಲೂ ಗೋಡೆಯಿರುವ ಪುಟ್ಟ ಕೋಣೆಗಳಲ್ಲಿ ಕೂಡಿಹಾಕುತ್ತಾರೆ. ಕರೆಂಟ್ ಹೋದರೂ ಅವು ಒಳಗೇ ಇರುತ್ತವೆ. ಆದರೆ ಒಳಗೆ ಹಾಕುವಾಗ, ಹೊರಗೆ ತೆಗೆಯುವಾಗ ಗೋಡೆ ಸವೆಯುತ್ತದೆ. ಒಂದು ಕೋಣೆಯಲ್ಲಿ ಒಂದೇ ಬಿಟ್ ಇಟ್ಟರೆ ಸುಮಾರು ಲಕ್ಷ ಸಲ ಬರೆದು ಅಳಿಸಬಹುದು. ಅಗ್ಗವಾಗಲೆಂದು ಒಂದೇ ಕೋಣೆಯಲ್ಲಿ ಮೂರು, ನಾಲ್ಕು ಬಿಟ್ ತುರುಕಿದರೆ ಆಯುಷ್ಯ ಕೆಲವು ಸಾವಿರಕ್ಕೆ, ಇಲ್ಲವೇ ಇನ್ನೂ ಕೆಳಕ್ಕೆ ಇಳಿಯುತ್ತದೆ. ದಿನನಿತ್ಯದ ಬಳಕೆಗೆ ಇಷ್ಟು ಧಾರಾಳ ಸಾಕು.

ಗಮನಿಸಬೇಕಾದದ್ದು ಇನ್ನೊಂದು. ಕೂಡಿಹಾಕಿದ ಕಣಗಳು ವರ್ಷಗಳು ಕಳೆದಂತೆ ನಿಧಾನವಾಗಿ ಸೋರುತ್ತವೆ, ಸೆಖೆ ಹೆಚ್ಚಾದಷ್ಟೂ ಬೇಗ. ಮನೆಬಳಕೆಯ ಎಸ್‌ಎಸ್‌ಡಿಗೆ ಇರುವ ಉದ್ಯಮದ ಮಾನದಂಡ ಹೀಗಿದೆ: ಬರೆಯುವ ಆಯುಷ್ಯವೆಲ್ಲ ಮುಗಿದ ಡಿಸ್ಕ್ ಕೂಡ 30 ಡಿಗ್ರಿ ಉಷ್ಣತೆಯಲ್ಲಿ, ಕರೆಂಟ್ ಇಲ್ಲದೆ, ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು. ಹೊಸದು ಇದಕ್ಕಿಂತ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ ನಿಜ. ಆದರೂ ಚೆನ್ನೈ, ಹೈದರಾಬಾದಿನ ಬೇಸಿಗೆಯಲ್ಲಿ ಬೀರುವಿನೊಳಗೆ ಐದಾರು ವರ್ಷ ಮರೆತಿಟ್ಟ ಪೆನ್ ಡ್ರೈವನ್ನು ನಂಬಿ ಕೂರಬಾರದು. ಪೆನ್ ಡ್ರೈವ್ ಇರುವುದು ಸಾಗಿಸುವುದಕ್ಕೆ, ಕಾಪಿಡುವುದಕ್ಕೆ ಅಲ್ಲ. ರಸ್ತೆ ಬದಿಯಲ್ಲಿ ತೀರಾ ಅಗ್ಗಕ್ಕೆ ಸಿಗುವ 1 ಟಿಬಿ, 2 ಟಿಬಿ ಪೆನ್ ಡ್ರೈವ್‌ಗಳ ಬಗ್ಗೆಯೂ ಎಚ್ಚರವಿರಲಿ. ಒಳಗೆ ಇರುವುದು ಕೆಲವೇ ಜಿಬಿ. ಹೆಚ್ಚು ಇದೆ ಎಂದು ಸುಳ್ಳು ಹೇಳುವಂತೆ ಅದನ್ನು ತಿದ್ದಿರುತ್ತಾರೆ. ಫೋಟೋಗಳನ್ನು ತುಂಬಿಸುವಾಗ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ತೆರೆಯುವಾಗ ಗೊತ್ತಾಗುತ್ತದೆ.

ಮೂರನೆಯದು ಸಿಡಿ, ಡಿವಿಡಿ. ಸಿಡಿಯಲ್ಲಿ 700 ಎಂಬಿ, ಡಿವಿಡಿಯಲ್ಲಿ 4.7 ಜಿಬಿ. ಮನೆಯಲ್ಲಿ ಬರೆದುಕೊಳ್ಳುವ ಸಿಡಿಯಲ್ಲಿ ಬೆಳಕಿಗೆ ಬಣ್ಣ ಬದಲಿಸುವ ಒಂದು ಲೇಪವಿರುತ್ತದೆ. ಬಿಸಿಲು, ಸೆಖೆ, ತೇವಕ್ಕೆ ಅದು ಕೆಡುತ್ತದೆ. ಮುಂಬೈಯ ಮಳೆಗಾಲ ಅದಕ್ಕೆ ಒಗ್ಗುವುದಿಲ್ಲ. 2005ರ ಮದುವೆಯ ಡಿವಿಡಿ ನಿಮ್ಮ ಬೀರುವಿನಲ್ಲಿದ್ದರೆ ಅದನ್ನು ಓದಬಲ್ಲ ಡ್ರೈವ್ ಕೂಡ ಈಗಿನ ಲ್ಯಾಪ್‌ಟಾಪಿನಲ್ಲಿ ಇರುವುದಿಲ್ಲ. ಹೊರಗಿನಿಂದ ಸಿಕ್ಕಿಸುವ ಡ್ರೈವ್ ಒಂದನ್ನು ನಾಲ್ಕು ಮನೆಯವರು ಸೇರಿ ಕೊಂಡು, ಸರದಿಯ ಮೇಲೆ ಎಲ್ಲರ ಡಿವಿಡಿಗಳನ್ನೂ ಇಳಿಸಿಕೊಳ್ಳಬಹುದು. ಕನ್ನಡ ಸಂಘಗಳು ಒಂದು ಭಾನುವಾರ ಇಂಥ ಏರ್ಪಾಡು ಮಾಡಿದರೆ ಅದೊಂದು ಒಳ್ಳೆಯ ಕಾರ್ಯಕ್ರಮ.

ನಾಲ್ಕನೆಯದು ಟೇಪ್. ಅದು ಸತ್ತುಹೋಯಿತು ಎಂದುಕೊಂಡವರೇ ಹೆಚ್ಚು. 2011ರ ಫೆಬ್ರವರಿಯಲ್ಲಿ ಸಾಫ್ಟ್‌ವೇರಿನ ತೊಂದರೆಯಿಂದ ಕೆಲವು ಜಿಮೇಲ್ ಬಳಕೆದಾರರ ಅಂಚೆಯೆಲ್ಲ ಕಾಣೆಯಾಯಿತು. ಬೇರೆ ಬೇರೆ ಕೇಂದ್ರಗಳಲ್ಲಿದ್ದ ಪ್ರತಿಗಳಿಗೂ ಪೆಟ್ಟಾಗಿತ್ತು. ಕೊನೆಗೆ ಗೂಗಲ್ ಅದನ್ನು ಮರಳಿ ತಂದದ್ದು ಟೇಪಿನಿಂದ. ಟೇಪ್ ಯಂತ್ರದಿಂದ ಬೇರೆಯಾಗಿ ಕಪಾಟಿನಲ್ಲಿ ಇರುವುದೇ ಅದರ ಬಲ. ಯಂತ್ರದಲ್ಲಿ ಆದ ಎಡವಟ್ಟು ಅದನ್ನು ಮುಟ್ಟುವುದಿಲ್ಲ.

ಐದನೆಯದು ಕ್ಲೌಡ್. ಹೆಸರು ಮೋಡ, ಇರುವುದು ನೆಲದ ಮೇಲೆಯೇ. ಬೇರೆಯವರ ಕಟ್ಟಡದಲ್ಲಿ, ಬೇರೆಯವರ ಡಿಸ್ಕಿನಲ್ಲಿ. ಅವರು ನಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಅನುಮಾನವಿಲ್ಲ. ಆದರೆ ಷರತ್ತು ಅವರದು. ಆರ್ಕುಟ್ ನೆನಪಿದೆಯೇ? ಊರುಬಿಟ್ಟ ಎಷ್ಟೋ ಕನ್ನಡಿಗರು ಹಳೇ ಗೆಳೆಯರನ್ನು ಮತ್ತೆ ಕಂಡದ್ದು ಅಲ್ಲಿ. 2014ರ ಸೆಪ್ಟೆಂಬರ್ 30ರಂದು ಅದು ಮುಚ್ಚಿತು. ಫೋಟೋ ಇಳಿಸಿಕೊಳ್ಳಿ ಎಂದು 2016ರವರೆಗೆ ಅವಕಾಶ ಕೊಟ್ಟಿದ್ದರು, ಇಳಿಸಿಕೊಳ್ಳದವರ ಫೋಟೋ ಹೋಯಿತು. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ನಿಂತಿತು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ತೀರಿಕೊಂಡ ತಂದೆಯ ಖಾತೆಯಲ್ಲಿ ಫೋಟೋಗಳಿದ್ದರೆ ಈ ನಿಯಮದ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಯಾವುದು ಶಾಶ್ವತ? ಒಂದೂ ಅಲ್ಲ. ಇದನ್ನು ಒಪ್ಪಿಕೊಂಡರೆ ದಾರಿ ಸುಲಭ. ಓಲೆಗರಿಯ ಕಾವ್ಯಗಳು ನಮ್ಮವರೆಗೆ ಬಂದದ್ದು ಗರಿ ಗಟ್ಟಿ ಎಂದಷ್ಟೇ ಅಲ್ಲ. ಹಳೇ ಗರಿ ಜೀರ್ಣವಾಗುವ ಮುನ್ನ ಯಾರೋ ಕೂತು ಹೊಸ ಗರಿಗೆ ಪ್ರತಿ ಮಾಡಿದರು, ಒಂದು ಮಠದ ಪ್ರತಿ ಹೋದರೆ ಇನ್ನೊಂದು ಮನೆಯ ಪ್ರತಿ ಉಳಿಯಿತು. ಕಂಪ್ಯೂಟರ್ ಬಲ್ಲವರು ಇದೇ ವಿವೇಕಕ್ಕೆ 3-2-1 ಎಂದು ಹೆಸರಿಟ್ಟಿದ್ದಾರೆ. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿ ಇರಲಿ, ಒಂದು ಪ್ರತಿ ಬೇರೆ ಊರಿನಲ್ಲಿ ಇರಲಿ.

ನಮಗೆ ಇದು ಬಹಳ ಸುಲಭ. ಪುಣೆಯ ಮನೆಯ ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು. ಮೂರನೆಯದನ್ನು ದಸರಾಕ್ಕೋ ದೀಪಾವಳಿಗೋ ಊರಿಗೆ ಹೋಗುವಾಗ ಚೀಲದಲ್ಲಿ ಹಾಕಿಕೊಂಡು ಹೋಗಿ, ಧಾರವಾಡದ ಅಕ್ಕನ ಮನೆಯಲ್ಲೋ ಶಿವಮೊಗ್ಗದ ಚಿಕ್ಕಪ್ಪನ ಮನೆಯಲ್ಲೋ ಇಟ್ಟು ಬನ್ನಿ. ಮುಂದಿನ ವರ್ಷ ಹೋದಾಗ ಅದನ್ನು ಹಚ್ಚಿ, ತೆರೆದು ನೋಡಿ, ಹೊಸದನ್ನು ಸೇರಿಸಿ ಬನ್ನಿ. ಅವರ ಮನೆಯ ಫೋಟೋಗಳ ಪ್ರತಿ ನಿಮ್ಮಲ್ಲಿರಲಿ. ಕ್ಲೌಡ್ ಬೇಕಾದವರು ಅದನ್ನೂ ಇಟ್ಟುಕೊಳ್ಳಿ. ಒಂದು ಮಾತು ಮಾತ್ರ ನೆನಪಿರಲಿ. ಫೋನಿನಲ್ಲಿ ಅಳಿಸಿದರೆ ಕ್ಲೌಡಿನಲ್ಲೂ ಅಳಿಸಿಹೋಗುವಂತೆ ಹೊಂದಿಸಿದ್ದರೆ ಅದನ್ನು ಎರಡನೇ ಪ್ರತಿ ಎಂದು ಎಣಿಸಬೇಡಿ.

ತೆರೆದು ನೋಡಿ ಎಂದೆ, ಅದಕ್ಕೆ ಕಾರಣವಿದೆ. 1998ರಲ್ಲಿ ಪಿಕ್ಸಾರ್ ಸಂಸ್ಥೆಯವರು "ಟಾಯ್ ಸ್ಟೋರಿ 2" ಚಿತ್ರ ತಯಾರಿಸುತ್ತಿದ್ದಾಗ ತಪ್ಪು ಆದೇಶವೊಂದರಿಂದ ಚಿತ್ರದ ಬಹುಭಾಗ ಅಳಿಸಿಹೋಯಿತು. ಪ್ರತಿ ಇದೆಯಲ್ಲ ಎಂದು ನೋಡಿದರೆ ಪ್ರತಿ ಮಾಡುವ ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿರಲೇ ಇಲ್ಲ, ಯಾರೂ ಗಮನಿಸಿರಲಿಲ್ಲ. ಚಿತ್ರ ಉಳಿದದ್ದು ಗ್ಯಾಲಿನ್ ಸುಸ್ಮನ್ ಎಂಬಾಕೆಯಿಂದ. ಆಗ ತಾನೇ ಮಗು ಹೆತ್ತು ಮನೆಯಿಂದ ಕೆಲಸ ಮಾಡುತ್ತಿದ್ದ ಆಕೆಯ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿಯಿತ್ತು. ಬೇರೆ ಜಾಗದ ಪ್ರತಿಯ ಬೆಲೆ ಇಷ್ಟು.

ಇನ್ನೆರಡು ಕಿವಿಮಾತು. ಮಾಹಿತಿ ಉಳಿದರೆ ಸಾಲದು, ಓದಲು ಬರಬೇಕು. ಬಹಳ ಜನ ಹಿರಿಯರು ಹಿಂದೆ ನುಡಿ, ಬರಹದಲ್ಲಿ ಕವಿತೆ, ಲೇಖನ, ಮನೆತನದ ಚರಿತ್ರೆ ಬರೆದಿಟ್ಟಿದ್ದಾರೆ. ಯೂನಿಕೋಡ್ ಅಲ್ಲದ ಹಳೇ ಅಕ್ಷರ ಶೈಲಿಯಲ್ಲಿದ್ದರೆ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳಾಗಿ ಕಾಣುತ್ತದೆ. ಮಕ್ಕಳು ಕೆಟ್ಟುಹೋದ ಕಡತವೆಂದು ತಿಳಿದು ಅಳಿಸಿಬಿಡಬಹುದು. ಅಂಥವನ್ನು ಯೂನಿಕೋಡಿಗೆ ಪರಿವರ್ತಿಸಿ, ಒಂದು ಪಿಡಿಎಫ್ ಪ್ರತಿಯನ್ನೂ ಇಡಿ. ಇನ್ನೊಂದು, ಹೆಸರು. ಕ್ಯಾಮೆರಾ ಕೊಟ್ಟ ಸಂಖ್ಯೆಗಳನ್ನೇ ಬಿಟ್ಟರೆ ಇಪ್ಪತ್ತು ವರ್ಷದ ಮೇಲೆ ಫೋಟೋದಲ್ಲಿರುವವರು ಯಾರೆಂದು ಹೇಳುವವರು ಇರುವುದಿಲ್ಲ. ವರ್ಷ, ಊರು, ಯಾರು ಯಾರು ಎಂದು ಕಡತಕ್ಕೆ ಹೆಸರಿಡಿ.

ಅಕಸ್ಮಾತ್ ಏನಾದರೂ ಅಳಿಸಿಹೋದರೆ ಗಾಬರಿ ಬೇಡ. ಕಾರ್ಡಿನಲ್ಲೋ ಹಾರ್ಡ್ ಡಿಸ್ಕಿನಲ್ಲೋ ಅಳಿಸುವುದೆಂದರೆ ಪುಸ್ತಕದ ಪರಿವಿಡಿಯಿಂದ ಹೆಸರು ತೆಗೆದಂತೆ, ಪುಟ ಅಲ್ಲೇ ಇರುತ್ತದೆ. ಅದರ ಮೇಲೆ ಹೊಸದನ್ನು ಬರೆಯುವವರೆಗೆ ಮರಳಿ ಸಿಗುವ ಸಾಧ್ಯತೆಯಿದೆ. ಆದ್ದರಿಂದ ತಕ್ಷಣ ಬಳಕೆ ನಿಲ್ಲಿಸಿ. ಎಸ್‌ಎಸ್‌ಡಿಯಲ್ಲಿ ಮತ್ತು ಫೋನಿನಲ್ಲಿ ಈ ಆಸೆ ಕಡಿಮೆ, ಅಳಿಸಿದ ಪುಟಗಳನ್ನು ಅವು ತಾವಾಗಿಯೇ ಬೇಗ ಗುಡಿಸಿಹಾಕುತ್ತವೆ. ಇದೇ ಮಾತಿನ ಇನ್ನೊಂದು ಮುಖ: ಹಳೇ ಕಂಪ್ಯೂಟರನ್ನು ಮಾರುವಾಗ ಬರೀ ಅಳಿಸಿ ಕೊಡಬೇಡಿ. ಬ್ಯಾಂಕಿನ ಕಾಗದಪತ್ರ ಬೇರೆಯವರ ಕೈ ಸೇರೀತು. ಡಿಸ್ಕನ್ನು ಪೂರ್ತಿ ಒರೆಸುವ ಸೌಲಭ್ಯ ಯಂತ್ರದಲ್ಲೇ ಇರುತ್ತದೆ, ಬಳಸಿ. ಇಲ್ಲವೇ ಡಿಸ್ಕ್ ಬಿಚ್ಚಿ ಇಟ್ಟುಕೊಳ್ಳಿ.

ಮಿತ್ರರೇ, ಇನ್ನು ಮುಂದೆ ಅಂಗಡಿಯಲ್ಲಿ "ಎಂಟು, ಐನೂರಹನ್ನೆರಡು" ಎಂದರೆ ಕಟ್ಟೆ ಎಷ್ಟು, ಉಗ್ರಾಣ ಎಷ್ಟು ಎಂದು ನಿಮಗೆ ಗೊತ್ತು. ಉಗ್ರಾಣ ತಿರುಗುವುದೋ ತಿರುಗದ್ದೋ ಎಂದು ಕೇಳುವುದೂ ಗೊತ್ತು. ಆದರೆ ಈ ವಾರ ಅಂಗಡಿಗೆ ಹೋಗುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಫೋನಿನಲ್ಲಿ ಒಂದೇ ಒಂದು ಪ್ರತಿಯಾಗಿ ಉಳಿದಿರುವ ಧ್ವನಿ ಯಾರದು, ಫೋಟೋ ಯಾರದು ಎಂದು ಹುಡುಕಿ. ಅದಕ್ಕೆ ಹೆಸರಿಡಿ, ಇನ್ನೊಂದು ಕಡೆಗೆ ಪ್ರತಿ ಮಾಡಿ. ಹದಿನೈದು ನಿಮಿಷದ ಧ್ವನಿಗೆ 14 ಎಂಬಿ ಸಾಕು, ಖರ್ಚು ಏನೂ ಇಲ್ಲ. ಮನೆಯಲ್ಲಿ ಹಾಡು, ಕಥೆ ಬಲ್ಲ ಹಿರಿಯರು ಇದ್ದು ಅವರ ಧ್ವನಿ ಇನ್ನೂ ಎಲ್ಲೂ ದಾಖಲಾಗಿಲ್ಲವಾದರೆ, ಈ ಭಾನುವಾರ ಅವರ ಎದುರು ಕೂತು ಫೋನಿನ ರೆಕಾರ್ಡರ್ ಹಚ್ಚಿ. ಯಾವ ಡಿಸ್ಕಿಗೂ ಇಳಿಯದೆ ಒಬ್ಬರ ತಲೆಯಲ್ಲಿ ಮಾತ್ರ ಇರುವ ನೆನಪಿಗೆ ಎರಡನೇ ಪ್ರತಿ ಇಲ್ಲ.